ನಮ್ಮ ಸರಕನ್ನು ನಾವೇ ಹೊಗಳಬಹುದೆ?

ಗಣೇಶನ ಹಬ್ಬ ಮುಗಿದು ನವರಾತ್ರಿ ಸಮೀಪಿಸಿತೆಂದರೆ ನಮ್ಮ ಪತ್ರಿಕಾ ಸಮಿತಿಯವರ ಕಾಲಿಗೆ ಚಕ್ರ ಕಟ್ಟಿದಂತಾಗುತ್ತದೆ. ರಾಜ್ಯೋತ್ಸವದ ವಿಶೇಷ ಸಂಚಿಕೆಗೆ ಜಾಹೀರಾತು ಕೂಡಿಸಬೇಕು. ಕೈಯಲ್ಲಿ ರಸೀದಿ ಪುಸ್ತಕ, ಕಂಕುಳಲ್ಲಿ ಕಳೆದ ವರ್ಷದ ಸಂಚಿಕೆ, ಬಾಯಲ್ಲಿ ನಾಲ್ಕು ಸವಿಮಾತು ಹೊತ್ತುಕೊಂಡು ಮಾಟುಂಗಾದಿಂದ ಡೊಂಬಿವಲಿಯವರೆಗೆ ಲೋಕಲ್ ಗಾಡಿ ಹತ್ತಿ ಇಳಿಯುತ್ತೇವೆ. ನಮ್ಮವರ ಹೋಟೆಲು, ಕಿರಾಣಿ ಅಂಗಡಿ, ಮುದ್ರಣಾಲಯ, ಅಡುಗೆಯ ಕಂತ್ರಾಟುದಾರರು, ಯಾರನ್ನೂ ಬಿಡುವುದಿಲ್ಲ. ಮುಂಬಯಿಯ ಕನ್ನಡಿಗ ವ್ಯಾಪಾರಿಗಳು ಉದಾರಿಗಳು. "ಕಳೆದ ವರ್ಷ ಎಷ್ಟು ಕೊಟ್ಟಿದ್ದೆ?" ಎಂದು ಕೇಳಿ, ಅದಕ್ಕೆ ಇನ್ನಷ್ಟು ಸೇರಿಸಿ ಚೆಕ್ಕು ಬರೆದು, ಕಾಫಿಯನ್ನೂ ಕುಡಿಸಿ ಕಳಿಸುತ್ತಾರೆ. ಏನೆಂದು ಅಚ್ಚು ಹಾಕಬೇಕು ಎಂದು ಕೇಳಿದರೆ, "ಅದೇ, ಶುಭಾಶಯಗಳೊಂದಿಗೆ ಅಂತ ಹಾಕಿಬಿಡಿ" ಎನ್ನುತ್ತಾರೆ. ಮೇಲೊಂದು ನಂದಾದೀಪದ ಚಿತ್ರ, ಕೆಳಗೆ ಅಂಗಡಿಯ ಹೆಸರು. ಅರ್ಧ ಪುಟ ತುಂಬಿತು.

ಎರಡು ವರ್ಷಗಳ ಹಿಂದೆ ಡೊಂಬಿವಲಿಯ ಒಂದು ಸಣ್ಣ ಅಂಗಡಿಯಲ್ಲಿ ಮಾತ್ರ ನಮ್ಮ ಈ ಸುಗಮ ವ್ಯವಹಾರಕ್ಕೆ ತಡೆ ಬಿತ್ತು. ಕುಚ್ಚಲಕ್ಕಿ, ತೆಂಗಿನೆಣ್ಣೆ, ಮಿಡಿ ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿ ಮಾರುವ ಅಂಗಡಿ. ಅದರ ಯಜಮಾನರನ್ನು ನಾವೆಲ್ಲ ಭಟ್ಟರೆಂದೇ ಕರೆಯುವುದು. ಅವರು ರಸೀದಿ ಪುಸ್ತಕವನ್ನು ನೋಡಿದರು, ನಮ್ಮನ್ನು ನೋಡಿದರು. "ಅಲ್ಲ ಮಾರಾಯ್ರೆ, ವರ್ಗಣಿ ಅಂತಾದರೆ ಹೇಳಿ, ಕೊಡುತ್ತೇನೆ. ಜಾಹೀರಾತು ಅಂತೀರಿ. ಹಾಗಾದರೆ ಇದರಿಂದ ನನಗೆ ಎಂತ ಪ್ರಯೋಜನ ಉಂಟು, ಅದನ್ನೂ ಹೇಳಿ."

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಗಾಡಿಯಲ್ಲಿ ಹಿಂದಿರುಗುವಾಗ ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು ಕುಳಿತೆವು. ಇಷ್ಟು ವರ್ಷ ನಾವು ದಾನಕ್ಕೆ ಜಾಹೀರಾತೆಂಬ ಅಂಗಿ ತೊಡಿಸುತ್ತಿದ್ದೆವು. ಕೊಡುವವರಿಗೂ ಅದು ಗೊತ್ತು, ತೆಗೆದುಕೊಳ್ಳುವ ನಮಗೂ ಗೊತ್ತು, ಆದ್ದರಿಂದ ಅದರಲ್ಲಿ ಮೋಸವೇನೂ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ದೊಡ್ಡ ಹೋಟೆಲಿನವರಿಗೆ ಹಗುರವಾದ ಮೊತ್ತ ಹತ್ತಡಿ ಅಗಲದ ಅಂಗಡಿಯವರಿಗೆ ಒಂದು ವಾರದ ಸಂಪಾದನೆ. ಅಂಥವರಿಂದ ಹಣ ಪಡೆದು ದೀಪದ ಚಿತ್ರ ಅಚ್ಚು ಹಾಕುವುದು ಎಷ್ಟು ಸರಿ? ಸಣ್ಣ ವ್ಯಾಪಾರಿಗೆ ಜಾಹೀರಾತು ಫಲಿಸುವುದು ಯಾವಾಗ, ಫಲಿಸಲೆಂದು ಅವನು ಏನೇನು ಹೇಳಬಹುದು, ಏನನ್ನು ಹೇಳಬಾರದು? ಈ ಪ್ರಶ್ನೆಗಳು ಅಂದಿನಿಂದ ನಮ್ಮ ಬೆನ್ನು ಹತ್ತಿವೆ. ವಾಚಕರ ಮುಂದೆ ಅವನ್ನು ಇಡುತ್ತಿದ್ದೇವೆ.

ಮೊದಲನೆಯ ತೊಡಕು ನಮ್ಮ ಸಂಸ್ಕಾರದ್ದು. ಆತ್ಮಸ್ತುತಿ ಪರನಿಂದೆ ಎರಡೂ ಕೂಡದೆಂದು ಕೇಳುತ್ತ ಬೆಳೆದವರು ನಾವು. ಊಟಕ್ಕೆ ಕರೆದ ಮನೆಯಾಕೆ ಪಾಯಸ ಬಡಿಸುತ್ತ "ಏನೋ, ಸರಿಯಾಗಿದೆಯೋ ಇಲ್ಲವೋ" ಎನ್ನುವುದೇ ಮರ್ಯಾದೆ. "ನನ್ನ ಪಾಯಸದಂಥ ಪಾಯಸ ಈ ಕೇರಿಯಲ್ಲೇ ಇಲ್ಲ" ಎಂದರೆ ಉಂಡವರು ಮನೆಗೆ ಹೋಗಿ ನಗುತ್ತಾರೆ. ಇಂಥ ಮನೆಗಳಿಂದ ಬಂದು ಮುಂಬಯಿಯಲ್ಲಿ ಅಂಗಡಿ ಇಟ್ಟವನಿಗೆ ತನ್ನ ಸರಕನ್ನು ತಾನೇ ಹೊಗಳಲು ನಾಲಿಗೆ ತೊಡರುವುದು ಸಹಜ. ಆದರೆ ಅದೇ ಹಿರಿಯರು ಬಾಯಿದ್ದವನು ಬರಗಾಲದಲ್ಲೂ ಬದುಕಿಯಾನು ಎಂದೂ ಹೇಳಿದ್ದಾರೆ. ಗಾದೆಗಳನ್ನು ಸಾಕ್ಷಿಗೆ ಕರೆದರೆ ಎರಡು ಕಡೆಗೂ ಸಾಕ್ಷಿ ಹೇಳುತ್ತವೆ.

ಹಳೆಯ ಕಾಲದ ವ್ಯಾಪಾರಿಗಳಿಗೆ ಈ ಸಂಕೋಚ ಇದ್ದಂತೆ ಕಾಣುವುದಿಲ್ಲ. ಇಂದಿನ ಮಧ್ಯಪ್ರದೇಶದ ಮಂದಸೋರಿನಲ್ಲಿ, ಅಂದಿನ ದಶಪುರದಲ್ಲಿ, ರೇಷ್ಮೆ ನೇಕಾರರ ಒಂದು ಶಾಸನವಿದೆ. ಅವರು ಲಾಟ ದೇಶದಿಂದ, ಎಂದರೆ ಈಗಿನ ಗುಜರಾತಿನ ಕಡೆಯಿಂದ, ಊರು ಬಿಟ್ಟು ಬಂದು ಅಲ್ಲಿ ನೆಲೆಸಿದವರು. ತಮ್ಮ ಶ್ರೇಣಿಯ ಹಣದಿಂದ ಸೂರ್ಯನಿಗೊಂದು ದೇವಾಲಯ ಕಟ್ಟಿಸಿ, ಮುಂದೆ ಅದು ಶಿಥಿಲವಾದಾಗ ಕ್ರಿ.ಶ. ೪೭೩ರ ಸುಮಾರಿಗೆ ಜೀರ್ಣೋದ್ಧಾರ ಮಾಡಿಸಿ, ವತ್ಸಭಟ್ಟಿಯೆಂಬ ಕವಿಯಿಂದ ಪದ್ಯಗಳನ್ನು ಬರೆಸಿ ಕಲ್ಲಿನಲ್ಲಿ ಕೆತ್ತಿಸಿದರು. ದೇವರ ಸ್ತುತಿ, ರಾಜನ ಸ್ತುತಿ, ಊರಿನ ವರ್ಣನೆ ಎಲ್ಲ ಆದ ಮೇಲೆ ಮೆಲ್ಲನೆ ತಮ್ಮ ಸರಕಿಗೆ ಬರುತ್ತಾರೆ. ಹೆಣ್ಣಿಗೆ ಯೌವನವಿರಲಿ, ಕಾಂತಿಯಿರಲಿ, ಕೊರಳಲ್ಲಿ ಚಿನ್ನದ ಹಾರ, ಬಾಯಲ್ಲಿ ತಾಂಬೂಲ, ಮುಡಿಯಲ್ಲಿ ಹೂವು ಇರಲಿ, ರೇಷ್ಮೆಯ ಜೋಡಿವಸ್ತ್ರ ಉಡುವ ತನಕ ಆಕೆ ನಲ್ಲನ ಬಳಿಗೆ ಹೋಗಲಾರಳಂತೆ! ಸಾವಿರದೈನೂರು ವರ್ಷಗಳ ಹಿಂದೆ ಪರಸ್ಥಳಕ್ಕೆ ಹೋಗಿ ನೆಲೆಸಿದ ಒಂದು ಸಂಘದವರು ದೇವಸ್ಥಾನದ ಶಿಲೆಯಲ್ಲಿ ಕೊಟ್ಟ ಜಾಹೀರಾತು ಇದು. ನಮ್ಮ ರಾಜ್ಯೋತ್ಸವ ಸಂಚಿಕೆಯ ಪೂರ್ವಜ ಎನ್ನೋಣವೆ?

ನಮ್ಮ ಅಯ್ಯಾವೊಳೆಯ ಐನೂರ್ವರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಐಹೊಳೆಯ ಹೆಸರು ಹೊತ್ತು ದಕ್ಷಿಣದ ಉದ್ದಗಲಕ್ಕೂ ವ್ಯಾಪಾರ ಮಾಡಿದ ಆ ವರ್ತಕ ಸಂಘದವರ ಶಾಸನಗಳು ಅವರದೇ ದೀರ್ಘವಾದ ಬಿರುದಾವಳಿಯಿಂದ ಆರಂಭವಾಗುತ್ತವೆ. ಆದರೆ ಅವರ ಹೊಗಳಿಕೆಯಲ್ಲಿ ಒಂದು ವಿಶೇಷವಿದೆ. ತಾವು ವೀರಬಣಂಜು ಧರ್ಮವನ್ನು ಪಾಲಿಸುವವರೆಂದು ಅವರು ಸಾರಿಕೊಂಡರು. ವ್ಯಾಪಾರಕ್ಕೊಂದು ಧರ್ಮವಿದೆ, ಅದಕ್ಕೆ ನಾವು ಕಟ್ಟುಬಿದ್ದವರು ಎಂಬ ಮಾತು ಅದು. ನೇಕಾರರ ಪದ್ಯ ಕೇಳಿದವರಿಗೆ ಸಂತೋಷವಾಗುತ್ತದೆ, ಆದರೆ ನಾಳೆ ಯಾರೂ ಬಂದು "ನಿಮ್ಮ ರೇಷ್ಮೆ ಉಟ್ಟರೂ ನಲ್ಲ ತಿರುಗಿ ನೋಡಲಿಲ್ಲ" ಎಂದು ಜಗಳ ತೆಗೆಯುವಂತಿಲ್ಲ. ಧರ್ಮಕ್ಕೆ ಕಟ್ಟುಬಿದ್ದವರೆಂದು ಹೇಳಿಕೊಂಡವರನ್ನು ಅದೇ ಮಾತಿನಿಂದ ಹಿಡಿದು ನಿಲ್ಲಿಸಬಹುದು. ಹೊಗಳಿಕೆಗೂ ವಾಗ್ದಾನಕ್ಕೂ ಇರುವ ಅಂತರ ಇದೇ ಎಂದು ನಮಗೆ ತೋರುತ್ತದೆ.

ಈ ಅಂತರವನ್ನು ಇಂಗ್ಲೆಂಡಿನ ನ್ಯಾಯಾಲಯವೊಂದು ಅಳೆದು ನೋಡಿದ ಕಥೆ ಕಾನೂನು ಓದಿದವರಿಗೆಲ್ಲ ಪಾಠವಾಗಿದೆ, ಓದದವರಿಗೂ ಸ್ವಾರಸ್ಯವಾದದ್ದು. ೧೮೯೧ರಲ್ಲಿ ಲಂಡನ್ನಿನಲ್ಲಿ ಇನ್‌ಫ್ಲುಯೆಂಜಾ ಹಾವಳಿ. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಕಂಪನಿ ಒಂದು ರಬ್ಬರಿನ ಉಂಡೆ ಮಾರುತ್ತಿತ್ತು. ಅದರೊಳಗಿನ ಔಷಧದ ಪುಡಿಯನ್ನು ಮೂಗಿನಿಂದ ಸೇದಬೇಕು. ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿದ ಮೇಲೂ ಜ್ವರ ಬಂದರೆ ೧೦೦ ಪೌಂಡ್ ಕೊಡುತ್ತೇವೆ, ನಮ್ಮ ಮಾತಿನ ಸತ್ಯಕ್ಕೆ ಗುರುತಾಗಿ ೧೦೦೦ ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಶ್ರೀಮತಿ ಕಾರ್ಲಿಲ್ ಎಂಬಾಕೆ ಕೊಂಡರು, ಹೇಳಿದಂತೆ ಬಳಸಿದರು, ಜ್ವರ ಬಂತು. ನೂರು ಪೌಂಡ್ ಕೇಳಿದರು. ಕಂಪನಿಯ ಉತ್ತರವೇನು? ಅದು ಬರೀ ಜಾಹೀರಾತಿನ ಮಾತು, ಯಾರಾದರೂ ನಿಜವೆಂದು ಹಿಡಿಯುತ್ತಾರೆಯೆ ಎಂದು! ಮೇಲ್ಮನವಿಯ ನ್ಯಾಯಾಧೀಶರು ಒಪ್ಪಲಿಲ್ಲ. ಬರೀ ಬಣ್ಣದ ಮಾತಾಗಿದ್ದರೆ ಬ್ಯಾಂಕಿನಲ್ಲಿ ಹಣವಿಟ್ಟಿದ್ದೇವೆಂದು ಹೇಳಿದ್ದೇಕೆ ಎಂದು ಕೇಳಿ ೧೮೯೨ರ ಡಿಸೆಂಬರಿನಲ್ಲಿ ಆಕೆಯ ಪರವಾಗಿ ತೀರ್ಪಿತ್ತರು. ಆ ಕಂಪನಿ ಇದರಿಂದ ಕಲಿತದ್ದನ್ನೂ ಹೇಳಬೇಕು. ಮರುವರ್ಷ ಮತ್ತೆ ಜಾಹೀರಾತು ಕೊಟ್ಟು ಬಹುಮಾನವನ್ನು ೨೦೦ ಪೌಂಡಿಗೆ ಏರಿಸಿತು, ಜೊತೆಗೆ ಸಣ್ಣಕ್ಷರದಲ್ಲಿ ಷರತ್ತುಗಳನ್ನು ಬೆಳೆಸಿತು. ಸಣ್ಣಕ್ಷರದ ಆ ವಿದ್ಯೆ ಇಂದಿಗೂ ನಮ್ಮ ನಡುವೆ ಚಿರಂಜೀವಿಯಾಗಿದೆ.

ಜನ ಆ ಉಂಡೆಯನ್ನು ಕೊಂಡದ್ದು ಯಾಕೆ? "ಅತ್ಯುತ್ತಮ", "ಅದ್ವಿತೀಯ" ಎಂಬ ವಿಶೇಷಣಗಳಿಗೆ ಮರುಳಾಗಿ ಅಲ್ಲ, ಸುಳ್ಳಾದರೆ ಮಾರುವವನು ಕಳೆದುಕೊಳ್ಳುವಂಥದ್ದು ಏನೋ ಇದೆ ಎಂದು ಕಂಡದ್ದರಿಂದ. ಹೇಳುವವನಿಗೆ ಅಪಾಯವಿರುವ ಮಾತನ್ನೇ ಕೇಳುವವನು ನಂಬುತ್ತಾನೆ. ಅಹಮದಾಬಾದಿನಲ್ಲಿ ೧೯೬೯ರಲ್ಲಿ ಕರ್ಸನ್‌ಭಾಯಿ ಪಟೇಲರು ಮನೆಯಲ್ಲೇ ಬಟ್ಟೆ ಒಗೆಯುವ ಪುಡಿ ತಯಾರಿಸಿ ಸೈಕಲ್ಲಿನ ಮೇಲೆ ಮನೆ ಮನೆಗೆ ಕೊಂಡೊಯ್ದು ಮಾರತೊಡಗಿದಾಗ ಅವರಲ್ಲಿ ದೂರದರ್ಶನದ ಜಾಹೀರಾತಿಗೆ ಹಣವೆಲ್ಲಿಂದ ಬರಬೇಕು? ಹಿಡಿಸದಿದ್ದರೆ ಹಣ ವಾಪಸು ಎಂಬ ಮಾತಿತ್ತು, ಆ ಮಾತಾಡಿದ ಮನುಷ್ಯನೇ ಮುಂದಿನ ವಾರ ಅದೇ ಬಾಗಿಲಿಗೆ ಬರುತ್ತಿದ್ದ. ಬಿಳಿ ಫ್ರಾಕಿನ ಹುಡುಗಿ ಮತ್ತು ಆ ಹಾಡು ಬಂದದ್ದು ಆಮೇಲೆ. ಬೆಂಗಳೂರಿನಲ್ಲಿ ೧೯೨೪ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸಿನ ಮಯ್ಯರು ತಮ್ಮ ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡುವಂತೆ ತೆರೆದಿಟ್ಟದ್ದು ಪ್ರಸಿದ್ಧ ಸಂಗತಿ. "ಶುಚಿ ರುಚಿ" ಎಂದು ಹಲಗೆ ತೂಗಹಾಕದ ಹೋಟೆಲಿದೆಯೆ? ಹಲಗೆಯ ಖರ್ಚು ಅಲ್ಪ. ಬಾಗಿಲು ತೆರೆದಿಟ್ಟವನು ಮಾತ್ರ ದಿನವೂ ಪಾತ್ರೆ ತಿಕ್ಕಿಸಲೇಬೇಕು.

ಇಲ್ಲಿ ಸಣ್ಣ ವ್ಯಾಪಾರಿಗೆ ದೊಡ್ಡ ಕಂಪನಿಗಿಲ್ಲದ ಅನುಕೂಲವಿದೆ. ದೊಡ್ಡ ಕಂಪನಿಯ ಮಾತನ್ನು ಬರೆಯುವವನು ಒಬ್ಬ, ನುಡಿಯುವ ನಟಿ ಇನ್ನೊಬ್ಬಳು, ಸರಕು ಮಾಡುವವನು ಬೇರೊಬ್ಬ, ದೂರು ಕೇಳುವವನು ಯಾವುದೋ ಊರಿನ ದೂರವಾಣಿ ಕೇಂದ್ರದಲ್ಲಿ ಕುಳಿತ ಬಡಪಾಯಿ ಹುಡುಗ. ಸುಳ್ಳು ಹೇಳಿದವರು ಯಾರೆಂದು ಕೇಳಿದರೆ ಯಾರೂ ಸಿಗುವುದಿಲ್ಲ. ಡೊಂಬಿವಲಿಯ ಭಟ್ಟರ ವಿಷಯ ಹಾಗಲ್ಲ. ಹೇಳಿದವರೂ ಅವರೇ, ಪೊಟ್ಟಣ ಕಟ್ಟಿದವರೂ ಅವರೇ, ಮರುದಿನ ಬೆಳಿಗ್ಗೆ ಬೈಯಿಸಿಕೊಳ್ಳುವವರೂ ಅವರೇ. ಆದ್ದರಿಂದ ದೊಡ್ಡವರ ಭಾಷೆಯನ್ನು ಸಣ್ಣವರು ಅನುಕರಿಸುವುದು ಬುದ್ಧಿವಂತಿಕೆಯಲ್ಲ ಎಂಬುದು ನಮ್ಮ ಅಭಿಪ್ರಾಯ. "ವಿಶ್ವದರ್ಜೆಯ ಗುಣಮಟ್ಟ" ಎಂದು ಹತ್ತಡಿಯ ಅಂಗಡಿಯವನು ಬರೆಸಿದರೆ ಪಕ್ಕದ ಮಾಳಿಗೆಯವರೇ ನಗುತ್ತಾರೆ. "ಸಾರಿನ ಪುಡಿಯನ್ನು ಪ್ರತಿ ಗುರುವಾರ ಬೀಸಿಸುತ್ತೇವೆ" ಎಂದು ಬರೆಸಿದರೆ ಗುರುವಾರ ಸಂಜೆ ನಾಲ್ಕು ಜನ ಮೂಗಿಗೆ ಪರಿಮಳ ಬೀಳುತ್ತದೋ ಇಲ್ಲವೋ ಎಂದು ನೋಡಲಿಕ್ಕಾದರೂ ಬರುತ್ತಾರೆ.

ಭಟ್ಟರ ಪ್ರಶ್ನೆಗೆ ನಾವು ಹದಿನೈದು ದಿನ ಬಿಟ್ಟು ಕೊಂಡೊಯ್ದ ಉತ್ತರ ಇದೇ. ದೀಪದ ಚಿತ್ರ ಬೇಡ, ಕಾಲು ಪುಟ ಸಾಕು, ಅಂಗಡಿಯಲ್ಲಿ ಏನು ಸಿಗುತ್ತದೆ, ಯಾವ ವಾರ ತಾಜಾ, ನಿಲ್ದಾಣದಿಂದ ಎಷ್ಟು ಹೆಜ್ಜೆ, ಇಷ್ಟೇ ಬರೆಯೋಣ ಎಂದೆವು. ಪತ್ರಿಕೆಯ ಆ ಪುಟವನ್ನು ತಂದು ತೋರಿಸಿದವರಿಗೆ ಸ್ವಲ್ಪ ಮೆಂತ್ಯದ ಹಿಟ್ಟು ಉಚಿತ ಎಂಬುದು ಭಟ್ಟರೇ ಸೇರಿಸಿದ ಸಾಲು. ಪ್ರಯೋಜನವಾಯಿತೋ ಇಲ್ಲವೋ ಎಣಿಸಬೇಕಲ್ಲ! ಹನ್ನೊಂದು ಮಂದಿ ಬಂದರು. ಭಟ್ಟರು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಟು ಹಾಕಿಟ್ಟಿದ್ದರು. ನಮಗೆ ನಾಚಿಕೆಯಾಯಿತು. ಅವರು ನಾಚಲಿಲ್ಲ. "ಹನ್ನೊಂದರಲ್ಲಿ ಏಳು ಮಂದಿ ಈಗ ತಿಂಗಳಿಗೊಮ್ಮೆ ಬರುತ್ತಾರೆ. ನಾಲ್ಕು ಮಂದಿ ಹಿಟ್ಟಿಗೆ ಬಂದವರು, ಅವರ ಹೊಟ್ಟೆ ತಣ್ಣಗಿರಲಿ" ಎಂದರು. ಮೈಲಿಗಟ್ಟಲೆ ದೂರದ ಹತ್ತು ಸಾವಿರ ಜನರ ಕಣ್ಣಿಗೆ ಬೀಳುವುದಕ್ಕಿಂತ ಗಾಡಿಯಿಳಿದು ನಡೆದುಹೋಗುವ ಹನ್ನೊಂದು ಮಂದಿಯ ಕಿವಿಗೆ ಬೀಳುವುದು ಅಂಥ ಅಂಗಡಿಗೆ ಹೆಚ್ಚಿನದೆಂಬುದನ್ನು ನಾವು ಅವರಿಂದ ಕಲಿತೆವು.

ಇದನ್ನೆಲ್ಲ ಉಪದೇಶದ ದನಿಯಲ್ಲಿ ಬರೆಯುತ್ತಿರುವ ನಮ್ಮ ಕೈ ಶುದ್ಧವೆಂದು ಯಾರೂ ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ಇದೇ ಪತ್ರಿಕೆಯ ಒಳಹೊದಿಕೆಯಲ್ಲಿ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುವ ಪುಡಿಯೊಂದರ ಜಾಹೀರಾತು ಸತತವಾಗಿ ಬಂತು. ಹಣ ಮುಂಗಡವಾಗಿ ಬರುತ್ತಿತ್ತು, ಆ ಹಣದಲ್ಲಿ ಕಾಗದದ ಸಾಲ ತೀರುತ್ತಿತ್ತು. ನಮ್ಮಲ್ಲಿ ಒಬ್ಬಿಬ್ಬರು ಗೊಣಗಿದರು. ಮಾರುವವರ ಮಾತಿಗೆ ನಾವು ಹೊಣೆಯೆ ಎಂದು ಉಳಿದವರು ಸುಮ್ಮನಾಗಿಸಿದೆವು. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ನಿವೃತ್ತರು, ಆ ಪುಡಿಯನ್ನು ತರಿಸಿಕೊಂಡು ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಿಬಿಟ್ಟರು. ಕಾಲಿನಲ್ಲಿ ಸಣ್ಣ ಹುಣ್ಣಾಗಿ, ಅದು ಕೊಳೆತು, ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆಯಬೇಕಾಯಿತು. ನೋಡಲು ಹೋದ ನಮ್ಮನ್ನು ಅವರು ಬೈಯಲಿಲ್ಲ. "ಸಂಘದ ಪತ್ರಿಕೆಯಲ್ಲಿ ಬಂದದ್ದಲ್ಲವೆ, ಸುಳ್ಳಿರಲಾರದು ಅಂದುಕೊಂಡೆ" ಎಂದರು. ಆ ಮಾತು ಕೇಳಿ ನಾವು ತಂದ ಹಣ್ಣಿನ ಚೀಲವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೆವು.

ಆಮೇಲೆ ಕಾನೂನನ್ನು ತೆಗೆದು ನೋಡಿದೆವು. ಮೊದಲೇ ನೋಡಬಹುದಿತ್ತು. ೧೯೫೪ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ ಮಧುಮೇಹವನ್ನು ಹೆಸರಿಸಿಯೇ ಅಂಥ ಔಷಧದ ಜಾಹೀರಾತನ್ನು ನಿಷೇಧಿಸಿದೆ, ಅದನ್ನು ಪ್ರಕಟಿಸುವುದರಲ್ಲಿ ಯಾರೂ ಭಾಗವಹಿಸಕೂಡದೆಂದಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ೧೦ ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದೆನ್ನುತ್ತದೆ, ಮತ್ತೆ ತಪ್ಪಿದರೆ ೫೦ ಲಕ್ಷ. ಪ್ರಕಟಿಸಿದವರಿಗೂ ದಂಡವುಂಟು. ಆದರೆ ತನ್ನ ನಿತ್ಯದ ವ್ಯವಹಾರದ ರೂಢಿಯಂತೆ ಪ್ರಕಟಿಸಿದೆ ಎಂದು ತೋರಿಸುವ ಪ್ರಕಾಶಕನಿಗೆ ಈ ಎರಡನೆಯ ಕಾಯಿದೆಯಲ್ಲಿ ಒಂದು ತಪ್ಪಿಸಿಕೊಳ್ಳುವ ಬಾಗಿಲಿದೆ. ರೂಢಿಯಂತೆ! ನಾವು ಮಾಡಿದ್ದೂ ಅದನ್ನೇ. ಆ ಹಿರಿಯರು ನಂಬಿದ್ದು ಪುಡಿ ಮಾರಿದವನನ್ನಲ್ಲ, ಅವನ ಮುಖವನ್ನೇ ಅವರು ಕಂಡಿರಲಿಲ್ಲ. ಅವರು ನಂಬಿದ್ದು ನಮ್ಮನ್ನು. ಸಂಘವು ಹತ್ತಾರು ವರ್ಷಗಳಿಂದ ಮದುವೆ, ಮುಂಜಿ, ಸಾವುನೋವುಗಳಲ್ಲಿ ಜೊತೆ ನಿಂತು ಗಳಿಸಿದ ವಿಶ್ವಾಸವನ್ನು ನಾವು ಒಳಹೊದಿಕೆಯ ದರಕ್ಕೆ ಬಾಡಿಗೆಗೆ ಕೊಟ್ಟಿದ್ದೆವು.

ಈ ನೋವಿನಿಂದಲೇ ಇನ್ನೊಂದು ವಿಷಯವನ್ನೂ ಹೇಳುವ ಧೈರ್ಯ ಬಂದಿದೆ, ಕೆಲವರಿಗೆ ಇದು ಕಹಿಯಾಗಬಹುದು. "ನಾವು ನಿಮ್ಮವರು, ಕನ್ನಡಿಗರ ಅಂಗಡಿಗೇ ಬನ್ನಿ" ಎಂಬ ಕರೆ. ಪರಊರಿನಲ್ಲಿರುವವರಿಗೆ ಈ ಕರೆ ಎದೆಗೆ ತಾಗುತ್ತದೆ. ಮರಾಠಿ ಹಿಂದಿಗಳ ನಡುವೆ ದಿನವಿಡೀ ತೊಳಲಿ ಬಂದವನಿಗೆ ಗಲ್ಲದ ಹಿಂದಿನಿಂದ "ಏನು ಬೇಕು?" ಎಂಬ ಮಾತು ಕೇಳಿಸಿದರೆ ಅರ್ಧ ದಣಿವು ಇಳಿಯುತ್ತದೆ, ನಿಜ. ಆದರೆ ಆ ಪ್ರೀತಿಯನ್ನು ಸರಕಿನ ಕೊರತೆಗೆ ಮುಚ್ಚಳವಾಗಿ ಬಳಸಬಹುದೆ? "ಉಡುಪಿ" ಎಂಬ ಮೂರಕ್ಷರವನ್ನೇ ನೋಡಿ. ಈ ನಗರದಲ್ಲಿ ಆ ಹೆಸರಿಗೆ ಬೆಲೆ ಬಂದದ್ದು ಯಾವ ಜಾಹೀರಾತಿನಿಂದಲೂ ಅಲ್ಲ. ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹೋಟೆಲಿನ ಬೆಂಚುಗಳ ಮೇಲೆ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬಿದ ಸಾವಿರಾರು ಜನರ ಬೆವರಿನಿಂದ ಬಂದದ್ದು. ಇಂದು ಆ ಹೆಸರನ್ನು ಯಾರು ಬೇಕಾದರೂ ಬಾಗಿಲ ಮೇಲೆ ಬರೆಸಿಕೊಳ್ಳಬಹುದು. ಬರೆಸಿಕೊಂಡವನು ತಾನು ಕೂಡಿಡದ ಒಂದು ಗಂಟಿನಿಂದ ಸಾಲ ತೆಗೆದಂತೆ. ಹಳಸಿದ ಸಾಂಬಾರು ಬಡಿಸಿದ ದಿನ ಅವನೊಬ್ಬನ ಲೆಕ್ಕದಿಂದ ಮಾತ್ರವಲ್ಲ, ಎಲ್ಲರ ಗಂಟಿನಿಂದಲೂ ಹಣ ಕಡಿಮೆಯಾಗುತ್ತದೆ. ನಮ್ಮವನೆಂಬ ಅಭಿಮಾನಕ್ಕೆ ಗಿರಾಕಿ ಒಂದು ಸಲ ಬರುತ್ತಾನೆ, ಮೋಸ ಹೋದರೆ ಬಾಯಿಬಿಟ್ಟು ಹೇಳಲಾರದೆ ಮನಸ್ಸಿನಲ್ಲೇ ನೊಂದು ದೂರವಾಗುತ್ತಾನೆ. ಪರರ ಅಂಗಡಿಯಲ್ಲಾದರೆ ಜಗಳವಾಡಿಯಾದರೂ ಹಣ ವಾಪಸು ಪಡೆಯುತ್ತಿದ್ದ.

ಈಗಿನ ದಿನಗಳಲ್ಲಿ ಹೊಗಳಿಕೆಯ ಕೆಲಸವನ್ನು ಗಿರಾಕಿಗಳ ಕೈಗೇ ಒಪ್ಪಿಸಲಾಗಿದೆ. ಫೋನಿನ ಪರದೆಯ ಮೇಲೆ ಅಂಗಡಿಗಳಿಗೆ ನಕ್ಷತ್ರಗಳು ಬೀಳುತ್ತವೆ. ಅದರಿಂದ ಆತ್ಮಸ್ತುತಿಯ ಪೀಡೆ ತೊಲಗಿತೆಂದು ನಾವು ತಿಳಿದಿದ್ದೆವು. ಈಗ ನಕ್ಷತ್ರಗಳನ್ನೂ ಕೊಳ್ಳಬಹುದಂತೆ. ಭಾರತೀಯ ಮಾನಕ ಸಂಸ್ಥೆ ೨೦೨೨ರಲ್ಲಿ ಇಂಥ ಅಭಿಪ್ರಾಯಗಳಿಗೂ ಒಂದು ಮಾನಕವನ್ನು ಹೊರಡಿಸಬೇಕಾಯಿತೆಂದರೆ ಪರಿಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೆ ನಮಗೆ ಉತ್ಸಾಹವಿಲ್ಲ. ಕೂಲಿಗೆ ಅಳುವವರನ್ನು ಕರೆಸುವ ಪದ್ಧತಿಯನ್ನು ಕೇಳಿದ್ದೆವು, ಇದು ಕೂಲಿಗೆ ಹೊಗಳುವವರದು.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಸತ್ಯವೇ ಸಣ್ಣ ವ್ಯಾಪಾರಿಗೆ ಫಲಿಸುವ ಜಾಹೀರಾತು ಎಂದು ಇಷ್ಟು ಹೊತ್ತು ವಾದಿಸಿದೆವು. ಹಾಗಾದರೆ ಫಲಿಸುತ್ತದೆಂದು ಸತ್ಯ ಹೇಳುವವನು ಸತ್ಯವಂತನೆ? ಜರ್ಮನಿಯ ತತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ ೧೭೮೫ರಲ್ಲಿ ಪ್ರಕಟವಾದ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಅವನು ಎಲ್ಲರಿಗೂ ಒಂದೇ ದರ ಇಟ್ಟಿದ್ದಾನೆ, ಸಣ್ಣ ಮಗು ಬಂದರೂ ಮೋಸ ಹೋಗುವುದಿಲ್ಲ. ಒಳ್ಳೆಯದೇ. ಆದರೆ ಹಾಗೆ ಮಾಡುವುದು ಅವನ ವ್ಯಾಪಾರಕ್ಕೂ ಲಾಭದಾಯಕವಾದ್ದರಿಂದ, ಅದು ಕರ್ತವ್ಯಪ್ರಜ್ಞೆಯಿಂದ ಮಾಡಿದ್ದೆಂದು ಹೇಗೆ ಹೇಳುವುದು ಎಂದು ಕಾಂಟ್ ಕೇಳುತ್ತಾನೆ. ಮಗುವಿಗೆ ಸಿಕ್ಕಿದ ಬೆಲ್ಲದ ತೂಕ ಎರಡು ಪ್ರಸಂಗಗಳಲ್ಲೂ ಒಂದೇ ಎಂದು ನಮ್ಮಂಥ ವ್ಯವಹಾರಸ್ಥರು ವಾದಿಸಬಹುದು. ಬಹಳ ದಿನ ನಾವೂ ಹಾಗೆಯೇ ವಾದಿಸಿದೆವು. ಎಲ್ಲರ ಮನಸ್ಸಿನೊಳಗೆ ಹೊಕ್ಕು ನೋಡುವ ಉಸಾಬರಿ ಯಾಕೆ, ತೂಕ ಸರಿಯಿದ್ದರಾಯಿತು ಎಂದು.

ಈ ಮಳೆಗಾಲದಲ್ಲಿ ನಡೆದ ಒಂದು ಸಣ್ಣ ಸಂಗತಿ ಆ ಆತ್ಮವಿಶ್ವಾಸವನ್ನು ಅಲುಗಿಸಿತು. ಭಟ್ಟರ ಅಂಗಡಿಗೆ ಊರಿನಿಂದ ಹಲಸಿನ ಹಪ್ಪಳ ಬರುತ್ತದೆ. ಬೇಸಗೆಯಲ್ಲಿ ಹೆಂಗಸರು ಒತ್ತಿ, ಚಾಪೆಯ ಮೇಲೆ ಒಣಗಿಸಿ ಕಟ್ಟಿಟ್ಟದ್ದು. ಜುಲೈನಲ್ಲಿ ಬಂದ ಮೂಟೆಗೆ ದಾರಿಯಲ್ಲಿ ಥಂಡಿ ತಾಗಿತ್ತು. ಮೇಲೆ ನೋಡಿದರೆ ಏನೂ ತಿಳಿಯದು, ಕರಿದರೆ ಒಂದು ಬಗೆಯ ಮುಗ್ಗು ವಾಸನೆ. ಅರ್ಧ ಮೂಟೆ ಮಾರಾಟವಾದ ಮೇಲೆ ಭಟ್ಟರಿಗೆ ಅದು ಗೊತ್ತಾಯಿತು. ಬಾಗಿಲಲ್ಲಿ ಒಂದು ಕರಿಹಲಗೆ ಇಟ್ಟು ಸೀಮೆಸುಣ್ಣದಿಂದ ಕನ್ನಡದಲ್ಲೂ ಮರಾಠಿಯಲ್ಲೂ ಬರೆದರು: ಈ ಸಲದ ಹಲಸಿನ ಹಪ್ಪಳ ಕೆಟ್ಟಿದೆ, ಕೊಂಡವರು ತಂದುಕೊಟ್ಟು ಹಣ ಒಯ್ಯಬೇಕು. ಕೆಲವರು ತಂದುಕೊಟ್ಟರು. ಕೆಲವರು ತಿಂದು ಮುಗಿಸಿ ಹಣ ಕೇಳಲು ಬಂದರು, ಅವರಿಗೂ ಕೊಟ್ಟರು. ಆ ತಿಂಗಳ ಬಾಡಿಗೆಗೆ ಮನೆಯಾಕೆಯ ಉಳಿತಾಯಕ್ಕೆ ಕೈಹಾಕಬೇಕಾಯಿತಂತೆ.

ಕರಿಹಲಗೆಯ ಚಿತ್ರವನ್ನು ಯಾರೋ ತೆಗೆದು ತಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ಕಳಿಸಿದರು. ಅಲ್ಲಿಂದ ಇನ್ನೊಂದು ಕಟ್ಟಡಕ್ಕೆ ಹೋಯಿತು. ಆಗಸ್ಟಿನಲ್ಲಿ ಅಂಗಡಿಗೆ ಹಿಂದೆಂದೂ ಬಾರದ ಮುಖಗಳು ಬರತೊಡಗಿದವು, ಹೆಚ್ಚಿನವರು ಮರಾಠಿಗರು. ನಮಗೆ ಸುದ್ದಿ ಮುಟ್ಟಿದಾಗ ಎಷ್ಟು ಸಂತೋಷವಾಯಿತೆಂದರೆ ಅಂದೇ ಗಾಡಿ ಹತ್ತಿ ಓಡಿದೆವು. ಭಟ್ಟರೆ, ಇದಕ್ಕಿಂತ ಜಾಹೀರಾತು ಬೇಕೆ? ಈ ಸಲ ರಾಜ್ಯೋತ್ಸವ ಸಂಚಿಕೆಯಲ್ಲಿ ಆ ಕರಿಹಲಗೆಯ ಚಿತ್ರವನ್ನೇ ಅಚ್ಚು ಹಾಕೋಣ, "ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವ ಅಂಗಡಿ" ಎಂದು ದಪ್ಪಕ್ಷರದಲ್ಲಿ ಬರೆಯೋಣ ಎಂದೆವು. ದರದಲ್ಲಿ ರಿಯಾಯಿತಿಯನ್ನೂ ಸೂಚಿಸಿದೆವು.

ಭಟ್ಟರು ತಕ್ಕಡಿಯ ತಟ್ಟೆ ಒರೆಸುತ್ತ ಕೇಳಿಸಿಕೊಂಡರು. "ಹಾಕಬಹುದು. ಮುಂದಿನ ವರ್ಷ ಹಪ್ಪಳ ಕೆಡದಿದ್ದರೆ ನಾನು ಎಂತ ಮಾಡುವುದು ಮಾರಾಯ್ರೆ? ಬೋರ್ಡಿಗೆ ಬೇಕು ಅಂತ ಒಂದು ಮೂಟೆ ಮಳೆಯಲ್ಲಿ ನೆನೆಸಿ ಇಡುವುದಾ?"

ನಗು ಬಂತು, ನಕ್ಕೆವು. ಆದರೆ ಕಾಂಟ್ ಕೇಳಿದ್ದೇನೆಂದು ನಮಗೆ ಅರ್ಥವಾದದ್ದು ಆ ಗಲ್ಲದ ಮುಂದೆ ನಿಂತಾಗ. ಕರಿಹಲಗೆ ಬರೆದ ದಿನ ಅವರ ಮುಂದೆ ಇದ್ದದ್ದು ನಷ್ಟ ಮಾತ್ರ. ಲಾಭ ಬಂದದ್ದು ಆಮೇಲೆ, ಕೇಳದೆ ಬಂದದ್ದು. ನಾವು ಆ ಲಾಭವನ್ನು ಕಂಡು, ಅದನ್ನು ಮತ್ತೆ ಮತ್ತೆ ತರಿಸುವ ಯಂತ್ರವನ್ನಾಗಿ ಆ ಹಲಗೆಯನ್ನು ಮಾರ್ಪಡಿಸಲು ಹೊರಟಿದ್ದೆವು. ಹಾಗೆ ಮಾಡಿದ್ದರೆ ಅಚ್ಚಾಗುವ ಒಂದೊಂದು ಅಕ್ಷರವೂ ನಿಜವೇ ಆಗಿರುತ್ತಿತ್ತು, ಯಾವ ಕಾಯಿದೆಯೂ ತಡೆಯುತ್ತಿರಲಿಲ್ಲ. ಆದರೂ ಏನೋ ಒಂದು ಕೆಡುತ್ತಿತ್ತು. ಆ ಮೇಲೆ ಭಟ್ಟರು ಬಾಗಿಲಲ್ಲಿ ಹಲಗೆ ಇಟ್ಟಾಗಲೆಲ್ಲ ಓದುವವನು ಹಪ್ಪಳದ ಬಗ್ಗೆ ಯೋಚಿಸದೆ ಭಟ್ಟರ ಉಪಾಯದ ಬಗ್ಗೆ ಯೋ­ಚಿಸುತ್ತಿದ್ದ. ಭಟ್ಟರೂ ಕ್ರಮೇಣ ಹಾಗೆಯೇ ಯೋಚಿಸತೊಡಗುತ್ತಿದ್ದರೋ ಏನೋ. ಸತ್ಯ ಹೇಳಿ ಲಾಭ ಪಡೆಯುವುದರಲ್ಲಿ ದೋಷವಿಲ್ಲವೆಂದೇ ನಾವು ಈಗಲೂ ನಂಬಿದ್ದೇವೆ, ವ್ಯಾಪಾರಿಯೂ ಬದುಕಬೇಕು. ಲಾಭ ಬಾರದ ದಿನವೂ ಅದೇ ಮಾತು ಹೊರಡುತ್ತದೆಯೆ ಎಂಬುದನ್ನು ಮಾತ್ರ ಯಾವ ಪತ್ರಿಕೆಯೂ ಅವನ ಪರವಾಗಿ ಅಚ್ಚು ಹಾಕಲಾರದು.

ಸಂಚಿಕೆ ಅಚ್ಚಿಗೆ ಹೋಗುವ ಮುನ್ನ ಭಟ್ಟರು ತಮ್ಮ ಕಾಲು ಪುಟದ ಒಕ್ಕಣೆಯನ್ನು ತಾವೇ ಬರೆದು ಕಳಿಸಿದರು. ಅಕ್ಕಿ, ಎಣ್ಣೆ, ಉಪ್ಪಿನಕಾಯಿ, ಗುರುವಾರದ ಪುಡಿ, ಸೋಮವಾರ ರಜೆ. ಕೊನೆಯಲ್ಲಿ "ಹಲಸಿನ ಹಪ್ಪಳ ಈ ವರ್ಷ ಇರುವುದಿಲ್ಲ" ಎಂಬ ಸಾಲು. ಊರಿನಲ್ಲಿ ಕಟ್ಟಿ ಕಳಿಸುವುದಕ್ಕೆ ಬೇರೆ ಏರ್ಪಾಡು ಆಗುವ ತನಕ ತರಿಸುವುದಿಲ್ಲವಂತೆ. ಇಲ್ಲದ ವಸ್ತುವಿಗೆ ದುಡ್ಡು ಕೊಟ್ಟು ಜಾಗ ಯಾಕೆ, ಆ ಸಾಲು ತೆಗೆದುಬಿಡೋಣವೆ ಎಂದು ಫೋನು ಮಾಡಿ ಕೇಳಿದೆವು. "ಬೇಡ, ಇರಲಿ. ಜನ ಮೊದಲು ಕೇಳುವುದೇ ಅದನ್ನು. ಕಲ್ಯಾಣದಿಂದ ಆ ಗಾಡಿಯಲ್ಲಿ ನೇತಾಡಿಕೊಂಡು ಬಂದವರಿಗೆ ಇಲ್ಲ ಅನ್ನಲಿಕ್ಕೆ ನನಗೆ ಮುಖ ಬೇಡವಾ?" ಎಂದರು. ಸಾಲು ಹಾಗೆಯೇ ಉಳಿದಿದೆ. ಒಳಹೊದಿಕೆ ಈ ಸಲವೂ ಖಾಲಿ.